ಆರನೇ ಪುಟದ ಮಾತು

"ಈ ಪುಟ ನಾನು ಬರೆದದ್ದಲ್ಲ," ಎಂದಳು ಟೂರುನ್ ಹೆಲ್ಲೆಬುಸ್ಟ್.

ಗೌಟೆ ಆಸ್ಕ್ ಕೈಯಲ್ಲಿದ್ದ ಕಾಫಿ ಲೋಟವನ್ನು ಕೆಳಗಿಡದೆ ಅವಳನ್ನೇ ನೋಡಿದ. ಇಬ್ಬರ ನಡುವೆ ಮೇಜಿನ ಮೇಲೆ ಹದಿನಾಲ್ಕು ಪುಟಗಳ ವರದಿ ಬಿಚ್ಚಿಕೊಂಡು ಬಿದ್ದಿತ್ತು. ಮೇಲೆ ಕಾಣುತ್ತಿದ್ದದ್ದು ಆರನೇ ಪುಟ.

"ಮೊದಲನೇ ಪುಟದಲ್ಲಿ ನಿನ್ನ ಹೆಸರಿದೆ. ಕೊನೇ ಪುಟದಲ್ಲಿ ನಿನ್ನ ಸಹಿ ಇದೆ," ಎಂದ ಗೌಟೆ. "ನಡುವಿನದೊಂದು ಮಾತ್ರ ಆಕಾಶದಿಂದ ಉದುರಿತಾ?"

ಸೋಮವಾರ ಬೆಳಗ್ಗೆ ಸ್ಕಾರ್ವೊಯ್ ದ್ವೀಪದ ಕಟ್ಟೆಯಲ್ಲಿ 'ಆಲ್ಕೆನ್' ಫೆರಿಯ ವಾಹನಗಳು ಹತ್ತಿಳಿಯುವ ಮುಂಬದಿಯ ರ‍್ಯಾಂಪ್ ಕಳಚಿ ಬಿದ್ದು, ಡೆಕ್ಕಿನ ಕೆಲಸಗಾರ ಔಡುನ್ ರೋಡಾಲ್ ಬಲಗಾಲು ಕಳೆದುಕೊಂಡಿದ್ದ. ಇವತ್ತು ಶುಕ್ರವಾರ. ಮಧ್ಯಾಹ್ನ ಮೂರಕ್ಕೆ ಫೆರಿ ಸಂಸ್ಥೆಯ ಆಡಳಿತ ಮಂಡಳಿ ಸೇರಲಿತ್ತು, ಮುಖ್ಯಸ್ಥೆ ಸುನ್ನಿವಾ ಬ್ರಾಂಡಾಲ್‌ಳನ್ನು ಮನೆಗೆ ಕಳಿಸುವುದಕ್ಕೆ. ಗೌಟೆ ಆ ಮಂಡಳಿಯ ಅಧ್ಯಕ್ಷ. ಅವನ ಕೈಯಲ್ಲಿದ್ದ ಆಯುಧ ಈ ಆರನೇ ಪುಟ.

ಟೂರುನ್ ಮತ್ತೊಮ್ಮೆ ಓದಿದಳು. ಉದ್ಧರಣ ಚಿಹ್ನೆಗಳ ನಡುವೆ ಎರಡೇ ಸಾಲು: 'ಆಲ್ಕೆನ್ ರ‍್ಯಾಂಪಿನ ಕೀಲಿನಲ್ಲಿ ಬಿರುಕು ಸಿಕ್ಕ ಮೇಲೆ ಸುನ್ನಿವಾ ನಮ್ಮೆಲ್ಲರ ಬಾಯಿ ಮುಚ್ಚಿಸಿದ್ದಾಳೆ. ನಾಳೆ ಯಾರಿಗಾದರೂ ಏಟಾದರೆ ಅದಕ್ಕೆ ಅವಳೇ ಹೊಣೆ.'

ಹನ್ನೆರಡು ವರ್ಷ ಹಡಗುಗಳಲ್ಲಿ ಅಧಿಕಾರಿಯಾಗಿದ್ದು, ಆಮೇಲಿನ ಹದಿನಾಲ್ಕು ವರ್ಷ ಓಲೆಸುಂಡ್ ಪಟ್ಟಣದ ಕಂಪನಿಗಳ ಮುಖ್ಯಸ್ಥರಿಗೆ ನಾಯಕತ್ವದ ಕೋಚ್ ಆಗಿದ್ದವಳು ಟೂರುನ್. ಅವಳ ಕಸುಬಿನ ಬಂಡವಾಳ ಎಂದರೆ ಒಂದೇ: ಅವಳ ಕೋಣೆಯೊಳಗೆ ಆಡಿದ ಮಾತು ಹೊರಗೆ ಹೋಗುವುದಿಲ್ಲ. ಮೌಲ್ಯಮಾಪನದ ಈ ವರದಿಗಾಗಿ ಜನವರಿಯಲ್ಲಿ ಅವಳು ಸುನ್ನಿವಾಳ ಬಗ್ಗೆ ಸಂಸ್ಥೆಯ ಹನ್ನೊಂದು ಜನರನ್ನು ಒಬ್ಬೊಬ್ಬರನ್ನಾಗಿ ಕೂರಿಸಿಕೊಂಡು ಮಾತಾಡಿಸಿದ್ದಳು. ಹೆಸರು ಹೊರಗೆ ಬರುವುದಿಲ್ಲ ಎಂದು ಹನ್ನೊಂದು ಸಲ ಮಾತು ಕೊಟ್ಟಿದ್ದಳು. ಆ ಮಾತು ಉಳಿಯಬೇಕೆಂದೇ ಯಾರ ವಾಕ್ಯವನ್ನೂ ಇದ್ದ ಹಾಗೆ ಬರೆಯುತ್ತಿರಲಿಲ್ಲ. ಎಲ್ಲರದನ್ನೂ ಕಲಸಿ, ತನ್ನ ಮಾತಿನಲ್ಲೇ ಬರೆಯುವುದು ಅವಳ ಪದ್ಧತಿ.

"ನನ್ನ ವರದಿಯಲ್ಲಿ ಉದ್ಧರಣ ಚಿಹ್ನೆ ಇರೋದಿಲ್ಲ, ಗೌಟೆ. ಹದಿನಾಲ್ಕು ವರ್ಷದಲ್ಲಿ ಒಂದು ಸಲಾನೂ ಹಾಕಿಲ್ಲ."

"ಸರಿ. ಹಾಗಾದ್ರೆ ನೀನು ಬರಕೊಂಡಿರೋ ಟಿಪ್ಪಣಿ ಎಲ್ಲ ತಂದಿಡು. ಯಾರು ಏನು ಹೇಳಿದ್ರು ಅಂತ ಮಂಡಳಿ ನೋಡುತ್ತೆ. ಈ ಮಾತು ಅದರಲ್ಲಿ ಇಲ್ಲ ಅಂದ್ರೆ ನೀನು ಗೆದ್ದೆ."

"ಕೊಡೋದಿಲ್ಲ."

"ಅಲ್ಲಮ್ಮಾ, ಒಬ್ಬನ ಕಾಲು ಹೋಗಿದೆ."

"ಗೊತ್ತು. ಅದಕ್ಕೇ ನಿಜ ಹುಡುಕ್ತೀನಿ. ಆದರೆ ಆ ಹನ್ನೊಂದು ಜನರನ್ನ ಮಾರಿ ಅಲ್ಲ."

ಗೌಟೆ ಹೆಗಲು ಕುಣಿಸಿ, ಮೂರು ಗಂಟೆ ಎಂದರೆ ಮೂರೇ ಗಂಟೆ, ಕಾಯುವುದಿಲ್ಲ ಎಂದ. ಆ ಹೊತ್ತಿಗೆ ಸಂಸ್ಥೆಯ ಕಾರ್ಯದರ್ಶಿ ಡಾಗ್ನಿ ರೋಡಾಲ್ ಒಳಗೆ ಬಂದಳು. ಔಡುನ್ ಅವಳ ಸ್ವಂತ ತಮ್ಮ. ನಾಲ್ಕು ದಿನದಿಂದ ಅವಳು ಮುಂಜಾನೆ ಆಸ್ಪತ್ರೆಗೆ ಹೋಗಿ, ಅಲ್ಲಿಂದ ನೇರ ಕಚೇರಿಗೆ ಬರುತ್ತಿದ್ದಳು. ಮನೆಗೆ ಹೋಗು ಎಂದು ಎಲ್ಲರೂ ಹೇಳಿದ್ದರೂ ಕೇಳಿರಲಿಲ್ಲ. ತಮ್ಮ ಹೇಗಿದ್ದಾನೆ ಎಂದು ಗೌಟೆ ವಿಚಾರಿಸಿದ. ನಿನ್ನೆ ಎರಡು ಚಮಚ ಸೂಪು ಕುಡಿದ, ಅಷ್ಟೇ, ಎಂದಳು.

ಟೂರುನ್ ಆರನೇ ಪುಟದ ಪ್ರತಿ ಬೇಕೆಂದು ಕೇಳಿದಳು. ಡಾಗ್ನಿ ಪುಟ ತೆಗೆದುಕೊಂಡು ಹೋಗಿ, ಪ್ರತಿ ತಂದುಕೊಟ್ಟಳು.

* * *

ಟೂರುನ್ ತನ್ನಲ್ಲಿಗೆ ಬರುವವರ ಜೊತೆ ಅರ್ಧ ಮಾತುಕತೆಯನ್ನು ನಡೆದಾಡಿಕೊಂಡೇ ಮುಗಿಸುತ್ತಿದ್ದಳು. ಎದುರೆದುರು ಕೂತಾಗ ಬಾಯಿಗೆ ಬಾರದ ಮಾತು, ಪಕ್ಕಪಕ್ಕದಲ್ಲಿ ನಡೆಯುವಾಗ ತಾನಾಗಿ ಬರುತ್ತದೆ ಎಂಬುದು ಅವಳ ಅನುಭವ. ಒಂಬತ್ತು ಗಂಟೆಗೆ ಅಲೆತಡೆಯ ಕಲ್ಲುದಾರಿಯ ಮೇಲೆ ಸುನ್ನಿವಾ ಕಾಯುತ್ತಿದ್ದಳು. ಒದ್ದೆ ಹಿಮ ಅಡ್ಡಡ್ಡಲಾಗಿ ಬೀಸುತ್ತಿತ್ತು. ಇಬ್ಬರೂ ಟೋಪಿ ಎಳೆದುಕೊಂಡು ಹೆಜ್ಜೆ ಹಾಕಿದರು.

ಎಂಟು ತಿಂಗಳಿಂದ ಅವರಿಬ್ಬರ ಕೆಲಸ ಒಂದೇ ವಿಷಯದ ಸುತ್ತ ನಡೆದಿತ್ತು. ಸುನ್ನಿವಾ ನಾನ್ನೂರು ಜನರ ಸಂಸ್ಥೆಯನ್ನು ನಡೆಸಬಲ್ಲಳು, ಬಿರುಗಾಳಿಯ ದಿನ ಯಾವ ಫೆರಿ ಹೊರಡಬೇಕು ಯಾವುದು ನಿಲ್ಲಬೇಕು ಎಂದು ಕ್ಷಣದಲ್ಲಿ ಹೇಳಬಲ್ಲಳು. ಆದರೆ ಗೌಟೆ ಎದುರಿಗೆ ಕೂತು 'ಆಗುವುದಿಲ್ಲ' ಎನ್ನಲು ಮಾತ್ರ ಅವಳಿಗೆ ನಾಲಿಗೆ ಏಳುತ್ತಿರಲಿಲ್ಲ. ಕೋಚ್ ಕೋಣೆಯಲ್ಲಿ ಆ ಒಂದು ಪದವನ್ನು ನೂರು ಸಲ ಹೇಳಿ ಅಭ್ಯಾಸ ಮಾಡುತ್ತಿದ್ದಳು. ಹೋಗಿ, ತಲೆ ಆಡಿಸಿ ಬರುತ್ತಿದ್ದಳು.

ಬಿರುಕಿನ ವಿಷಯ ನಿನಗೆ ಮೊದಲೇ ಗೊತ್ತಿತ್ತೇ ಎಂದು ಟೂರುನ್ ಕೇಳಿದಳು. ಬಿರುಕು ಸಿಕ್ಕಾಗ ತನಗೆ ಯಾರೂ ಹೇಳಲಿಲ್ಲ ಎಂದಳು ಸುನ್ನಿವಾ. ನಿನ್ನ ಮೇಲೆ ಹಗೆ ಇರುವವರು ಯಾರು, ಈ ಪುಟ ಸೇರಿಸಿದವರು ಯಾರಿರಬಹುದು ಎಂದು ಕೇಳಿದ್ದಕ್ಕೆ ಅವಳು ನಿಂತುಬಿಟ್ಟಳು.

"ಯಾರು ಬರೆದರು ಅಂತಲೇ ಯಾಕೆ ಹುಡುಕ್ತಿದೀಯ, ಟೂರುನ್? ಯಾಕೆ ಬರೆದರು ಅಂತ ಹುಡುಕು."

ತಾನು ಕಲಿಸಿದ ವಿದ್ಯೆಯನ್ನೇ ತನಗೆ ತಿರುಗಿಸಿ ಕೊಡುತ್ತಿದ್ದಾಳೆ ಎಂದುಕೊಂಡಳು ಟೂರುನ್. ಪ್ರಶ್ನೆಯನ್ನು ಮಗುಚಿ ಹಾಕಿ ನೋಡು ಎಂದು ಅವಳಿಗೆ ಹೇಳಿಕೊಟ್ಟದ್ದು ತಾನೇ. ಆಗ ಅದಕ್ಕಿಂತ ಹೆಚ್ಚು ಯೋಚಿಸಲಿಲ್ಲ.

* * *

ಹತ್ತಕ್ಕೆ ಮೀನುಬಲೆ ಕಾರ್ಖಾನೆಯ ಮುಖ್ಯಸ್ಥ ಅರ್ನ್‌ಫಿನ್ ಬರುವವನಿದ್ದ. ಬೇಡ ಎಂದು ಫೋನ್ ಮಾಡಬಹುದಿತ್ತು. ಟೂರುನ್ ಮಾಡಲಿಲ್ಲ. ತನ್ನ ಮನಸ್ಸು ಕಲಕಿದೆ ಎಂದು ಇನ್ನೊಬ್ಬರ ಸಮಯ ಕೀಳುವುದು ಅವಳಿಗೆ ಆಗದು.

ಮಂಗಳವಾರ ಅವಳು ಅರ್ನ್‌ಫಿನ್‌ನ ಕಾರ್ಖಾನೆಯ ಸಭೆಯಲ್ಲಿ ಮೂಲೆಯ ಕುರ್ಚಿಯಲ್ಲಿ ಸುಮ್ಮನೆ ಕೂತು, ಒಂದು ಹಾಳೆಯ ಮೇಲೆ ಗೀಟು ಹಾಕುತ್ತಿದ್ದಳು. ಈಗ ಆ ಹಾಳೆಯನ್ನು ಅವನ ಮುಂದೆ ಇಟ್ಟಳು. ಐವತ್ತು ನಿಮಿಷದಲ್ಲಿ ಇಪ್ಪತ್ತಮೂರು ಗೀಟು.

"ಏನಿದು?"

"ನೀನು ಬೇರೆಯವರ ಮಾತನ್ನ ಅರ್ಧಕ್ಕೆ ಕತ್ತರಿಸಿದ ಲೆಕ್ಕ."

"ಸಾಧ್ಯವೇ ಇಲ್ಲ. ನಾನು ಎಲ್ಲರ ಮಾತನ್ನೂ..."

ಟೂರುನ್ ಕಾದಳು. ಅರ್ನ್‌ಫಿನ್ ಗೀಟುಗಳನ್ನು ನೋಡಿದ. ತಾನು ಬಾಯಿ ತೆರೆದಿದ್ದೇನೆ ಎಂಬುದು ಅರಿವಾಗಿ ಮುಚ್ಚಿಕೊಂಡ. ಆಮೇಲೆ ನಕ್ಕ, ಆಮೇಲೆ ನಗು ನಿಂತಿತು. ನನ್ನ ಮಗಳೂ ಅದೇ ಸಭೆಯಲ್ಲಿ ಇದ್ದಳಲ್ಲ, ಅವಳ ಮಾತನ್ನು ಎಷ್ಟು ಸಲ ಕತ್ತರಿಸಿದೆ ಎಂದು ಮೆಲ್ಲಗೆ ಕೇಳಿದ. ಒಂಬತ್ತು ಸಲ, ಎಂದಳು ಟೂರುನ್. ಉಳಿದ ಹೊತ್ತೆಲ್ಲ ಮಗಳ ವಿಷಯವೇ ಆಯಿತು.

ಹೋಗುವಾಗ ಬಾಗಿಲಲ್ಲಿ ತಿರುಗಿ, ಇವತ್ತು ನೀನು ಸರಿ ಇಲ್ಲ, ಏನೋ ತಲೆಯಲ್ಲಿದೆ ಎಂದ. ಟೂರುನ್ ಇಲ್ಲ ಎನ್ನಲಿಲ್ಲ.

ಅವನು ಹೋದ ಮೇಲೆ ದಿನಚರಿ ಪುಸ್ತಕ ತೆರೆದಳು. ಹನ್ನೊಂದನೆಯವರ ಜೊತೆ ಮಾತು ಮುಗಿದದ್ದು ಜನವರಿ ಇಪ್ಪತ್ತೊಂಬತ್ತಕ್ಕೆ. ಆ ಹನ್ನೊಂದು ಜನರಲ್ಲಿ ಯಾರೂ ಬಿರುಕು, ಕೀಲು ಎಂಬ ಪದಗಳನ್ನೇ ಎತ್ತಿರಲಿಲ್ಲ. ಅದು ಅವಳಿಗೆ ಖಚಿತ. ಆದರೆ ತನ್ನ ಖಚಿತವನ್ನು ಇನ್ನೊಬ್ಬರಿಗೆ ತೋರಿಸುವುದು ಹೇಗೆ? ಟಿಪ್ಪಣಿ ತೆರೆಯದೆ ತೋರಿಸಬೇಕೆಂದರೆ ಒಂದೇ ದಾರಿ. ಬಿರುಕು ಯಾವತ್ತು ಸಿಕ್ಕಿತು ಎಂದು ತಿಳಿಯಬೇಕು.

ಅದು ಗೊತ್ತಿರುವವನು ಒಬ್ಬನೇ. ಬ್ರೆಡ್ಡಿನ ಮೇಲೆ ಕಂದು ಚೀಸ್ ಹಾಕಿ ಕಾಗದದಲ್ಲಿ ಸುತ್ತಿಕೊಂಡು ಅವಳು ದುರಸ್ತಿ ಕಟ್ಟೆಯ ಕಡೆಗೆ ಹೊರಟಳು.

* * *

ಎಂಬ್ರಿಕ್ ನೇಸ್ ಸಂಸ್ಥೆಯ ಯಂತ್ರ ವಿಭಾಗದ ಮುಖ್ಯಸ್ಥ. ಇಪ್ಪತ್ತು ವರ್ಷದ ಹಿಂದೆ ಅವನೂ ಟೂರುನ್‌ಳೂ ಒಂದೇ ಹಡಗಿನಲ್ಲಿದ್ದರು. ಅವನು ಕೆಳಗೆ ಇಂಜಿನ್ ಕೋಣೆಯಲ್ಲಿ, ಅವಳು ಮೇಲೆ. ಕಾರ್ಯಾಗಾರದ ಮೂಲೆಯ ಗಾಜಿನ ಗೂಡಿನಲ್ಲಿ ಅವನು ಊಟದ ಡಬ್ಬಿ ತೆರೆದಿಟ್ಟುಕೊಂಡು ತಿನ್ನದೆ ಕೂತಿದ್ದ. ಕಿಟಕಿಯ ಆಚೆ 'ಆಲ್ಕೆನ್' ಬಾಯಿ ತೆರೆದ ಮೀನಿನಂತೆ ನಿಂತಿತ್ತು.

"ಕೋಚ್ ಅಮ್ಮನಿಗೆ ಗ್ರೀಸಿನ ವಾಸನೆ ಇನ್ನೂ ಹಿಡಿಸುತ್ತಾ?" ಎಂದ. ಹಳೆಯ ಕೀಟಲೆ. ಆದರೆ ದನಿಯಲ್ಲಿ ಜೀವ ಇರಲಿಲ್ಲ.

ಟೂರುನ್ ತನ್ನ ಪೊಟ್ಟಣ ಬಿಚ್ಚಿ ಅರ್ಧ ಬ್ರೆಡ್ಡು ಅವನ ಮುಂದೆ ಇಟ್ಟಳು. "ಬಿರುಕು ಯಾವತ್ತು ಸಿಕ್ತು, ಎಂಬ್ರಿಕ್?"

ಅವನು ಡಬ್ಬಿಯ ಮುಚ್ಚಳ ಹಾಕಿ ಮತ್ತೆ ತೆಗೆದ. ಅವಳು ಕಾದಳು. ಎದುರಿನವರ ಮೌನವನ್ನು ತಾನು ತುಂಬಬಾರದು ಎಂಬುದು ಅವಳ ಕಸುಬಿನ ಮೊದಲ ಪಾಠ. ಆಚೆ ಯಾರೋ ಕಬ್ಬಿಣ ಬಡಿಯುತ್ತಿದ್ದರು. ಇಪ್ಪತ್ತು ಏಟು ಬಿದ್ದಿರಬೇಕು.

"ಫೆಬ್ರವರಿ ಹನ್ನೆರಡು," ಎಂದ ಕೊನೆಗೆ. "ನಾನೇ ಕಂಡದ್ದು. ಮಾರನೇ ದಿನ ಬೆಳಗ್ಗೆ ಸುನ್ನಿವಾಗೆ ಇಮೇಲ್ ಬರೆದೆ."

"ಸುನ್ನಿವಾಗೇ?"

"ಅವಳ ವಿಳಾಸಕ್ಕೇ. ಕೀಲು ಬಿರುಕು ಬಿಟ್ಟಿದೆ, ಫೆರಿ ನಿಲ್ಲಿಸಬೇಕು ಅಂತ. ಉತ್ತರ ಬಂತು." ಅವನು ಕಂಪ್ಯೂಟರಿನ ಪರದೆಯನ್ನು ಅವಳ ಕಡೆಗೆ ತಿರುಗಿಸಿದ. ಸುನ್ನಿವಾಳ ಹೆಸರಿನಲ್ಲಿ ಎರಡೇ ವಾಕ್ಯ: 'ಈಸ್ಟರ್ ಕಳೆಯಲಿ, ಆಮೇಲೆ ನೋಡೋಣ. ಬೇರೆ ಯಾರಿಗೂ ಹೇಳುವುದು ಬೇಡ.'

ಟೂರುನ್‌ಳ ಕಣ್ಣು ಮಾತಿನ ಮೇಲಲ್ಲ, ಸಮಯದ ಮೇಲೆ ನೆಟ್ಟಿತು. ಫೆಬ್ರವರಿ ಹದಿಮೂರು, ಹತ್ತು ಗಂಟೆ ಇಪ್ಪತ್ತು ನಿಮಿಷ.

ಆ ಶುಕ್ರವಾರ ಹತ್ತರಿಂದ ಹನ್ನೊಂದೂವರೆಯವರೆಗೆ ಸುನ್ನಿವಾ ಅವಳೆದುರಿಗೇ ಕೂತಿದ್ದಳು. ಫೋನು ಚೀಲದೊಳಗೆ, ಚೀಲ ಬಾಗಿಲ ಆಚೆ. ಅದು ಅವಳ ಕೋಣೆಯ ನಿಯಮ.

"ಇದನ್ನ ಸುನ್ನಿವಾ ಕಳಿಸಿಲ್ಲ," ಎಂದಳು.

"ನಿನಗೆ ಹೇಗೆ ಗೊತ್ತು?"

"ಗೊತ್ತು. ಹೇಗೆ ಅಂತ ಹೇಳಬೇಕಾದರೆ ಅವಳ ಅಪ್ಪಣೆ ಬೇಕು." ಅವಳು ಆರನೇ ಪುಟದ ಪ್ರತಿಯನ್ನು ಅವನ ಮುಂದೆ ಇಟ್ಟಳು. "ಇದನ್ನ ಬರೆದದ್ದು ನೀನಾ?"

ಎಂಬ್ರಿಕ್ ಓದಿದ. ಅವನ ಮುಖ ಕೆಂಪಾಯಿತು. "ನಾನಾಗಿದ್ರೆ ಕೆಳಗೆ ನನ್ನ ಹೆಸರು ಇರ್ತಿತ್ತು. ಹೆಸರು ಹಾಕದೆ ಬರೆಯೋ ಜಾತಿ ನಾನಲ್ಲ." ಮತ್ತೆ ಓದಿದ. ಬೆರಳು ಒಂದು ಪದದ ಮೇಲೆ ನಿಂತಿತು. "ಇವರಿಗೆ ಕೀಲು ಅಂತ ಹೇಗೆ ಗೊತ್ತು? ಕೀಲು ಅಂತ ನಾನು ಬರೆದದ್ದು ಆ ಒಂದು ಪತ್ರದಲ್ಲಿ ಮಾತ್ರ. ಹುಡುಗರಿಗೆಲ್ಲ ಹೈಡ್ರಾಲಿಕ್ ತೊಂದರೆ, ರ‍್ಯಾಂಪ್ ನಿಧಾನಕ್ಕೆ ಇಳಿಸಿ ಅಂತ ಹೇಳಿದ್ದೆ. ಅವರು ಹೆದರಬಾರದು ಅಂತ."

"ಅಂದ್ರೆ ಈ ಪುಟ ಬರೆದವರು ನಿನ್ನ ಪತ್ರ ಓದಿದ್ದಾರೆ."

"ಓದಿರಲೇಬೇಕು."

ಅವನು ಕಿಟಕಿಯ ಕಡೆಗೆ ನೋಡಿದ. ಮೇಲಿನವರಿಂದ ಬಂದ ಉತ್ತರ ಎಂದು ತಾನು ಸುಮ್ಮನಾದೆ, ಆ ಎರಡು ವಾಕ್ಯಕ್ಕೆ ತಲೆ ಬಾಗಿಸಿದೆ ಎಂದ. ಔಡುನ್‌ಗೆ ಮದುವೆಯಾಗಿ ಒಂದು ವರ್ಷವೂ ಆಗಿಲ್ಲ ಎಂದ. ಟೂರುನ್ ಸಮಾಧಾನ ಹೇಳಲಿಲ್ಲ. ಮೂರು ಗಂಟೆಗೆ ಮಂಡಳಿಯ ಮುಂದೆ ಬಂದು ಇಷ್ಟನ್ನೂ ಹೇಳುತ್ತೀಯಾ ಎಂದಷ್ಟೇ ಕೇಳಿದಳು.

"ಕೆಲಸ ಹೋಗುತ್ತೆ."

"ಹೋಗಬಹುದು."

ಎಂಬ್ರಿಕ್ ಅವಳು ಕೊಟ್ಟ ಬ್ರೆಡ್ಡನ್ನು ಎತ್ತಿ ಕಚ್ಚಿದ. "ಬರ್ತೀನಿ," ಎಂದ ಬಾಯಿ ತುಂಬಿಕೊಂಡೇ.

* * *

ದಾರಿಯಲ್ಲಿ ಟೂರುನ್ ಸುನ್ನಿವಾಗೆ ಫೋನ್ ಮಾಡಿ, ಫೆಬ್ರವರಿ ಹದಿಮೂರರಂದು ನೀನು ನನ್ನ ಕೋಣೆಯಲ್ಲಿದ್ದೆ ಎಂದು ಮಂಡಳಿಗೆ ಹೇಳಲೇ ಎಂದು ಕೇಳಿದಳು. ಹೇಳು ಎಂದಳು ಸುನ್ನಿವಾ. ಏನೋ ಹೇಳಹೊರಟವಳಂತೆ ಉಸಿರು ಎಳೆದುಕೊಂಡು, ಮೂರು ಗಂಟೆಗೆ ಸಿಗೋಣ ಎಂದು ಮುಗಿಸಿದಳು.

ಮಂಡಳಿಯ ಕೋಣೆಯಲ್ಲಿ ಐವರು ಸದಸ್ಯರು, ತುದಿಯಲ್ಲಿ ಗೌಟೆ. ಅವನ ಬಲಕ್ಕೆ ನಡಾವಳಿ ಬರೆದುಕೊಳ್ಳಲು ಡಾಗ್ನಿ. ಸುನ್ನಿವಾ ಎದುರು ತುದಿಯಲ್ಲಿ ಒಬ್ಬಳೇ ಕೂತಿದ್ದಳು. ಎಂಬ್ರಿಕ್ ಕೆಲಸದ ಬಟ್ಟೆಯಲ್ಲೇ ಬಂದು, ಕುರ್ಚಿ ಬೇಡವೆಂದು ಗೋಡೆಗೆ ಒರಗಿ ನಿಂತ.

ಟೂರುನ್ ತಾರೀಕುಗಳನ್ನು ಒಂದೊಂದಾಗಿ ಇಟ್ಟಳು. ತನ್ನ ಮಾತುಕತೆಗಳು ಮುಗಿದದ್ದು ಜನವರಿ ಇಪ್ಪತ್ತೊಂಬತ್ತಕ್ಕೆ. ಬಿರುಕು ಸಿಕ್ಕಿದ್ದು ಫೆಬ್ರವರಿ ಹನ್ನೆರಡಕ್ಕೆ. ಆ ಹನ್ನೊಂದು ಜನರಲ್ಲಿ ಯಾರೇ ಆಗಲಿ, ಹದಿನಾಲ್ಕು ದಿನ ಮುಂಚೆಯೇ ಅದರ ಬಗ್ಗೆ ಹೇಳಿರಲು ಸಾಧ್ಯವಿಲ್ಲ. ಆಮೇಲೆ ಎಂಬ್ರಿಕ್ ತನ್ನ ಪತ್ರದ ವಿಷಯ ಹೇಳಿದ, ಉತ್ತರವನ್ನು ಓದಿದ. ಆ ಉತ್ತರ ಹೋದ ಗಳಿಗೆಯಲ್ಲಿ ಸುನ್ನಿವಾ ತನ್ನೆದುರಿಗಿದ್ದಳು, ಕೈಯಲ್ಲಿ ಫೋನ್ ಇರಲಿಲ್ಲ ಎಂದಳು ಟೂರುನ್.

ಸದಸ್ಯರು ಒಬ್ಬರ ಮುಖ ಒಬ್ಬರು ನೋಡಿದರು. ಗೌಟೆ ಗಡ್ಡ ಸವರಿದ.

"ಇರಲಿ. ಪುಟ ಸುಳ್ಳು ಅಂತ ಒಪ್ಪೋಣ. ಬರೆದವರು ಯಾರು?"

"ನಿಮ್ಮ ಸಂಸ್ಥೆಯಲ್ಲಿ ಸುನ್ನಿವಾಳ ಇಮೇಲ್ ಪೆಟ್ಟಿಗೆ ತೆರೆಯಬಲ್ಲವರು. ಅವರು ಪತ್ರ ಓದಿದ್ದಾರೆ, ಉತ್ತರ ಕಳಿಸಿದ್ದಾರೆ, ಕೊನೆಗೆ ತಪ್ಪೆಲ್ಲ ಅವಳ ತಲೆಗೆ ಕಟ್ಟೋದಕ್ಕೆ..."

"ಇಲ್ಲ, ಟೂರುನ್," ಎಂದಳು ಸುನ್ನಿವಾ. "ಆ ಪುಟ ಬರೆದದ್ದು ನಾನು."

ಟೂರುನ್ ತನ್ನ ಮುಂದಿನ ಕಾಗದಗಳನ್ನು ನೋಡಿದಳು. ಬೆಳಗಿನಿಂದ ಕಷ್ಟಪಟ್ಟು ಪೇರಿಸಿದ್ದೆಲ್ಲ ಆ ಒಂದು ವಾಕ್ಯದ ಕೆಳಗೆ ಮುರಿದು ಬಿದ್ದ ಹಾಗಾಯಿತು. ಎಂಟು ತಿಂಗಳು ತನ್ನೆದುರಿಗೆ ಕೂತವಳು, ತಾನು ಹನ್ನೊಂದು ಜನರಿಗೆ ಕೊಟ್ಟ ಮಾತಿನ ಮರೆಯಲ್ಲಿ ಸುನ್ನಿವಾ ತನ್ನ ವಾಕ್ಯವನ್ನು ಅಡಗಿಸಿಟ್ಟಿದ್ದಳು. ಆದರೂ ಅವಳು ಕೇಳಬೇಕಾದ್ದನ್ನು ಕೇಳಿದಳು.

"ಯಾಕೆ?"

ಸುನ್ನಿವಾ ನೇರ ಗೌಟೆಯ ಮುಖ ನೋಡಿ ಹೇಳತೊಡಗಿದಳು. ಫೆಬ್ರವರಿ ಇಪ್ಪತ್ತಾರಕ್ಕೆ ಯಾವುದೋ ಹಳೆಯ ಪತ್ರ ಹುಡುಕುವಾಗ ಎಂಬ್ರಿಕ್‌ನ ಪತ್ರ ಕಣ್ಣಿಗೆ ಬಿತ್ತು. ಅದರ ಕೆಳಗೆ ತಾನು ಬರೆಯದ ತನ್ನ ಉತ್ತರ. ಗೌಟೆಯೇ ಬರೆಸಿದ್ದಾನೆ ಎಂದುಕೊಂಡು, ಆ ಕ್ಷಣವೇ ಅವನಿಗೆ ಫೋನ್ ಮಾಡಿ, ಫೆರಿ ನಿಲ್ಲಿಸುತ್ತೇನೆ ಎಂದಳು. ಈಸ್ಟರ್‌ಗೆ ಮುಂಚೆ ಒಂದು ಫೆರಿಯೂ ನಿಲ್ಲಕೂಡದು, ರಜೆಯ ಜನಸಂದಣಿ ಇದೆ, ನಿಲ್ಲಿಸಿದ ದಿನ ನೀನೂ ಮನೆಗೆ ನಡೆ ಎಂದ ಗೌಟೆ.

"ಅಂಥ ಮಾತು ಆಡಿದ ನೆನಪು ನನಗಿಲ್ಲ," ಎಂದ ಗೌಟೆ.

"ನೀವು ಹೀಗೇ ಹೇಳ್ತೀರ ಅಂತ ಗೊತ್ತಿತ್ತು. ಅದಕ್ಕೇ ಬರೆದೆ. ವರದಿ ನಿಮಗೆ ಬರೋ ಮೊದಲು ನನ್ನ ಕೈಗೆ ಬಂದಿತ್ತು, ಆರನೇ ಪುಟ ಬದಲಿಸಿದೆ. ನನ್ನ ಮೌಲ್ಯಮಾಪನದ ವರದಿ ಅಧ್ಯಕ್ಷರು ಓದಿ, ಪ್ರತಿ ಪುಟದ ಕೆಳಗೆ ತಮ್ಮ ಹೆಸರಿನ ಮೊದಲಕ್ಷರ ಹಾಕಬೇಕು ಅಂತ ನಿಯಮ ಇದೆ. ಬೇರೆ ಯಾವ ಕಾಗದನೂ ನೀವು ಓದದೇ ಇರಬಹುದು, ಇದನ್ನ ಓದಲೇಬೇಕು. ನನ್ನ ಬಾಯಿಂದ ಬಂದ್ರೆ ಫೋನಲ್ಲಿ ತಳ್ಳಿ ಹಾಕಿದ ಹಾಗೇ ತಳ್ಳಿ ಹಾಕ್ತೀರ. ನನ್ನ ಮೇಲಿನ ದೂರು ಅಂದ್ರೆ ತನಿಖೆ ಮಾಡಿಸ್ತೀರ, ಫೆರಿ ತಾನಾಗಿ ನಿಲ್ಲುತ್ತೆ ಅಂತ ನಂಬಿದ್ದೆ. ಮಾರ್ಚ್ ಎರಡಕ್ಕೆ ಅಕ್ಷರ ಬಿತ್ತು. ರ‍್ಯಾಂಪ್ ಬಿದ್ದದ್ದು ಒಂಬತ್ತಕ್ಕೆ. ಏಳು ದಿನ ಆ ಪುಟ ನಿಮ್ಮ ಕಡತದಲ್ಲಿತ್ತು, ಗೌಟೆ."

ಸದಸ್ಯರಲ್ಲಿ ಒಬ್ಬ ಹಿರಿಯ ಹೆಂಗಸು ವರದಿಯನ್ನು ತನ್ನ ಕಡೆಗೆ ಎಳೆದುಕೊಂಡು, ಪುಟದ ಕೆಳಗೆ ನೋಡಿ, ಮೆಲ್ಲಗೆ ಪಕ್ಕದವರಿಗೆ ದಾಟಿಸಿದಳು.

"ನೀನೇ ನಿಲ್ಲಿಸಬಹುದಿತ್ತು," ಎಂದಳು ಟೂರುನ್. ಅವಳ ದನಿ ತಣ್ಣಗಿತ್ತು. "ಒಂದು ಫೋನ್ ಸಾಕಿತ್ತು. ಬಂದರು ಇಲಾಖೆಗೆ ಹೇಳಿದ್ರೂ ಸಾಕಿತ್ತು."

"ಹೌದು."

"ಯಾಕೆ ಮಾಡಲಿಲ್ಲ?"

"ಹೆದರಿದೆ," ಎಂದಳು ಸುನ್ನಿವಾ. "ಎದುರಿಗೆ ಆಗೋದಿಲ್ಲ ಅನ್ನೋಕೆ ಆಗದವಳು, ಬೇರೆಯವರ ಹೆಸರಲ್ಲಿ ಹೇಳಿದೆ. ಅದಕ್ಕೆ ನೀನು ಕೊಟ್ಟ ಮಾತನ್ನ ಕದ್ದೆ. ಇದಕ್ಕೆ ನನ್ನ ಹತ್ತಿರ ಬೇರೆ ಉತ್ತರ ಇಲ್ಲ. ಇವತ್ತು ನನ್ನನ್ನ ತೆಗೆದ್ರೆ ತೆಗೀಲಿ. ಆದರೆ ಈಗ ಹೇಳಿದ್ದು ನಡಾವಳಿಯಲ್ಲಿ ಬರಬೇಕು."

ಎಂಟು ತಿಂಗಳಲ್ಲಿ ಮೊದಲ ಸಲ ಅವಳು ಗೌಟೆಯಿಂದ ಕಣ್ಣು ಕೀಳದೆ ಮಾತಾಡಿದ್ದಳು. ಟೂರುನ್‌ಗೆ ಅದು ಕಾಣಿಸಿತು. ಸಿಟ್ಟು ಮಾತ್ರ ಇಳಿಯಲಿಲ್ಲ.

ಗೌಟೆ ಕೈ ಚಾಚಿ ವರದಿಯನ್ನು ತೆಗೆದುಕೊಂಡ. ಕನ್ನಡಕ ಹಾಕಿಕೊಂಡು ಆರನೇ ಪುಟದ ಕೆಳಗಿನ ಎರಡು ಅಕ್ಷರಗಳನ್ನು ನೋಡಿದ. ಐದನೇ ಪುಟ ನೋಡಿದ. ಏಳನೆಯದು ನೋಡಿದ.

"ಇದು ನನ್ನ ಕೈಬರಹ ಅಲ್ಲ," ಎಂದ. ಈ ಸಲ ಅವನ ದನಿಯಲ್ಲಿ ಠೀವಿ ಇರಲಿಲ್ಲ. "ನಾನು ಇದನ್ನ ಮೊದಲು ನೋಡಿದ್ದೇ ಈ ಮಂಗಳವಾರ."

"ನಿಮ್ಮ ಕಾಗದಗಳಿಗೆಲ್ಲ ಅಕ್ಷರ ಹಾಕೋದು ನಾನೇ ಅಲ್ವಾ," ಎಂದಳು ಡಾಗ್ನಿ. "ಆರು ವರ್ಷದಿಂದ. ನಿಮಗೆ ಓದೋಕೆ ಹೊತ್ತಿಲ್ಲ, ನೀನೇ ಹಾಕಿಬಿಡು ಅಂದಿದ್ರಿ."

ಅವಳು ಕೀಲಿಮಣೆಯಿಂದ ಕೈ ತೆಗೆದು ಮಡಿಲಲ್ಲಿ ಇಟ್ಟುಕೊಂಡಿದ್ದಳು. ಸುನ್ನಿವಾಳ ಇಮೇಲ್ ಪೆಟ್ಟಿಗೆಯನ್ನು ದಿನಾ ಬೆಳಗ್ಗೆ ತೆರೆದು ವಿಂಗಡಿಸುವುದೂ ಅವಳದೇ ಕೆಲಸ. ಅದು ಆ ಕೋಣೆಯಲ್ಲಿದ್ದ ಎಲ್ಲರಿಗೂ ಗೊತ್ತಿತ್ತು. ನಾಲ್ಕು ದಿನದಿಂದ ಅವಳ ಮುಖ ನೋಡಿ ಮರುಗಿದವರು ಯಾರೂ ಅದನ್ನು ನೆನೆದಿರಲಿಲ್ಲ. ಟೂರುನ್ ಕೂಡ.

"ಡಾಗ್ನಿ," ಎಂದಳು ಟೂರುನ್. "ಹದಿಮೂರನೇ ತಾರೀಕಿನ ಉತ್ತರ?"

"ಅದೂ ನಾನೇ."

ಎಂಬ್ರಿಕ್ ಗೋಡೆಯಿಂದ ಬೆನ್ನು ಕಿತ್ತ. "ನಿನ್ನ ತಮ್ಮ ದಿನಕ್ಕೆ ಎಂಟು ಸಲ ಆ ರ‍್ಯಾಂಪಿನ ಬುಡದಲ್ಲಿ ನಿಂತ್ಕೋತಿದ್ದ. ನಿನಗೆ ಗೊತ್ತಿರಲಿಲ್ವಾ?"

"ಗೊತ್ತಿತ್ತು."

"ಹಾಗಾದ್ರೆ ಯಾರಿಗೋಸ್ಕರ ಮಾಡಿದೆ?" ಎಂದ ಗೌಟೆ. "ನಾನಂತೂ ಹೇಳಿಲ್ಲ. ಇವರೆಲ್ಲರ ಮುಂದೆ ಹೇಳು, ನಾನು ಹೇಳಿದ್ನಾ?"

ಡಾಗ್ನಿ ತಲೆ ಅಲ್ಲಾಡಿಸಿದಳು. ಗೌಟೆ ಮತ್ತೆ ಬಾಯಿ ತೆರೆಯಹೊರಟಾಗ ಟೂರುನ್ ಕೈ ಎತ್ತಿ ತಡೆದಳು. ಅವಳು ಕಾಯಲು ತಯಾರಿದ್ದಳು. ಸಂಜೆಯವರೆಗೂ ಆದರೂ ಸರಿ, ಅಲ್ಲಿಂದ ಏಳುವುದಿಲ್ಲ ಎಂದು ಅವಳು ಆಗಲೇ ನಿಶ್ಚಯಿಸಿದ್ದಳು.

"ಔಡುನ್‌ಗೋಸ್ಕರ," ಎಂದಳು ಡಾಗ್ನಿ. "ಪತ್ರ ಓದಿದ ತಕ್ಷಣ ಅವನಿಗೇ ಫೋನ್ ಮಾಡಿದೆ. ಕೀಲು ಬಿರುಕು ಬಿಟ್ಟಿದೆಯಂತೆ, ರಜೆ ಹಾಕು, ಫೆರಿ ದುರಸ್ತಿಗೆ ಹೋಗುತ್ತೆ ಅಂದೆ. ಅವನು ಬೇಡ ಅಂದ. ಫೆರಿ ದುರಸ್ತಿಗೆ ಹೋಗಲೇಬಾರದು ಅಂದ. ಈಸ್ಟರ್‌ವರೆಗೆ ಯಾರೂ ಆ ಕೀಲಿನ ಕೆಳಗಿನ ಗೂಡಿನ ಮುಚ್ಚಳ ತೆಗೀಬಾರದು, ಹೇಗಾದ್ರೂ ಮಾಡು ಅಕ್ಕ ಅಂತ ಅತ್ತ. ನಲವತ್ತು ವರ್ಷದ ಗಂಡಸು, ಫೋನಲ್ಲಿ ಅತ್ತ. ಅಪ್ಪ ಸತ್ತಾಗಲೂ ಅವನು ಅತ್ತಿರಲಿಲ್ಲ."

"ಆ ಗೂಡಿನಲ್ಲಿ ಏನಿತ್ತು?"

"ಹೇಳಲಿಲ್ಲ. ದಿನಾ ಬೆಳಗ್ಗೆ ಹೋಗಿ ಕೇಳ್ತಿದೀನಿ. ಮುಖ ಆಚೆ ತಿರುಗಿಸ್ತಾನೆ."

ಎಲ್ಲರ ಕಣ್ಣೂ ಎಂಬ್ರಿಕ್ ಕಡೆಗೆ ತಿರುಗಿತು. ಅವನು ಟೋಪಿಯನ್ನು ಕೈಯಲ್ಲಿ ಹಿಂಡುತ್ತಿದ್ದ. ಮಧ್ಯಾಹ್ನ ಎರಡು ಗಂಟೆಗೆ, ಇಲ್ಲಿಗೆ ಹೊರಡುವ ಮುಂಚೆ, ಬಂದರು ಇಲಾಖೆಯವರ ಎದುರಿಗೆ ಆ ಮುಚ್ಚಳವನ್ನು ತಾನೇ ಬಿಚ್ಚಿದೆ ಎಂದ. ಒಬ್ಬ ಮನುಷ್ಯ ಮುದುರಿಕೊಂಡು ಕೂರುವಷ್ಟು ಜಾಗ. ಖಾಲಿ ಇತ್ತು.

"ಖಾಲಿ ಅಂದ್ರೆ?" ಎಂದಳು ಟೂರುನ್.

"ಖಾಲಿ ಅಂದ್ರೆ ಖಾಲಿ. ಇಪ್ಪತ್ತು ವರ್ಷದ ಫೆರಿ, ಅಲ್ಲಿ ಬೆರಳು ದಪ್ಪ ತುಕ್ಕು, ಎಣ್ಣೆ ಜಿಡ್ಡು ಇರಬೇಕಾಗಿತ್ತು. ಅಡುಗೆಮನೆ ನೆಲದ ಹಾಗೆ ಫಳಫಳ ಹೊಳೀತಿತ್ತು. ಸಾಬೂನಿನ ವಾಸನೆ ಇನ್ನೂ ಆರಿರಲಿಲ್ಲ." ಅವನು ಡಾಗ್ನಿಯ ಕಡೆಗೆ ನೋಡಿದ. "ನಿನ್ನ ತಮ್ಮ ಸೋಮವಾರದಿಂದ ಹಾಸಿಗೆ ಬಿಟ್ಟು ಎದ್ದಿಲ್ಲ. ಅದನ್ನ ತೊಳೆದವರು ನಿನ್ನೆಯೋ ಇವತ್ತು ಬೆಳಗ್ಗೆಯೋ ತೊಳೆದಿದ್ದಾರೆ. ಅಂದ್ರೆ ಅಲ್ಲಿ ಏನಿತ್ತು ಅಂತ ಗೊತ್ತಿರೋ ಇನ್ನೊಬ್ಬರು ಇದ್ದಾರೆ."